ಕಾಕಾ ಮಣ್ಣಿಗೆ ಬಂದರೆ

ಸತ್ತವರ ಮುಖ ನೋಡುವುದಕ್ಕೂ ಮೊದಲು ಹೂಳುವ ಕುಣಿಯ ತಳ ನೋಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ನನ್ನ ಕಾಕಾ ಅಂಥವನು! ಗದಗ, ಮುಂಡರಗಿ ಕಡೆ ಡಾಂಬರು ರಸ್ತೆ ಮಾಡಿಸಿ ಮಾಡಿಸಿಯೇ ನಿವೃತ್ತನಾದ ಇಂಜಿನಿಯರ್. ನಮ್ಮ ಎರೆಮಣ್ಣಿನ ಗುಣ ಗೊತ್ತಲ್ಲ, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಗರಸು ಮಣ್ಣು, ಖಡಿ ಕಲ್ಲು ಎಂದು ಪದರ ಪದರವಾಗಿ ಹಾಕಿ, ನೀರು ಹೊಡೆದು, ರೋಲರ್ ಓಡಿಸದಿದ್ದರೆ ಮೇಲಿನ ಡಾಂಬರು ಒಂದು ಮಳೆಗಾಲವೂ ಬಾಳುವುದಿಲ್ಲ. ಇದು ರಸ್ತೆಯ ಮಾತು. ಕಾಕಾ ಇದನ್ನು ಸ್ಮಶಾನಕ್ಕೂ ತಂದ!

ಮುಂಡರಗಿಯಲ್ಲಿ ಕಿರಾಣಿ ಅಂಗಡಿಯ ಸಾವಕಾರರೊಬ್ಬರನ್ನು ಮಣ್ಣು ಮಾಡುವಾಗ ಜನ ಗಡಿಬಿಡಿಯಿಂದ ಮಣ್ಣು ಎಳೆಯತೊಡಗಿದರು. ಕಾಕಾ ಕೈ ಎತ್ತಿದ.

"ತಡೀರಿ! ಒಮ್ಮೆಲೇ ಸುರೀಬ್ಯಾಡ್ರಿ. ಒಂದ ಗೇಣ ಹಾಕ್ರಿ, ನೀರ ಹೊಡೀರಿ, ತುಳೀರಿ. ಆಮ್ಯಾಲ ಮುಂದಿನ ಪದರ."

ಅಳುತ್ತಿದ್ದ ಮಗ ತಲೆ ಎತ್ತಿದ. "ಕಾಕಾರ, ನಮ್ಮಪ್ಪನ ಮ್ಯಾಲ ಲಾರಿ ಓಡ್ಯಾಡೂದಿಲ್ರಿ!"

"ಮಳಿ ಬರ್ತೈತಿಲ್ಲೋ? ಗುಂಡಿ ಬಿದ್ರ ನಿಮ್ಮಪ್ಪಗ ತ್ಯಾಪಿ ಹಾಕವ್ರು ಯಾರು?"

ಪಾಪ, ಮಗ ಅಳು ಮರೆತು ತುಳಿದ.

ಕಾಕಾನ ಹಳೆಯ ರೋಲರ್ ಡ್ರೈವರ್, ಲಕ್ಷ್ಮೇಶ್ವರದ ಚಾಚಾ, ಒಮ್ಮೆ ಚಹಾ ಕುಡಿಯುತ್ತ ಹೇಳಿಯೇಬಿಟ್ಟ: "ಸಾಹೇಬ್ರ, ನಾ ಸತ್ತ ಖಬರ ನಿಮಗ ಮುಟ್ಟಬಾರ್ದಂತ ಮನ್ಯಾಗ ಹೇಳಿಟ್ಟೀನ್ರಿ!"

ಈ ವರ್ಷ ಕಾಕಿಗೆ ಬೆನ್ನುಮೂಳೆಯ ಕ್ಯಾನ್ಸರ್ ಎಂದರು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಗದಗಿನ ಡಾಕ್ಟರು ಹೇಳಿದ ದಿನ ಕಾರು ಓಡಿಸಿದವನು ನಾನು. ಶಿರಹಟ್ಟಿ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲೇ ಪ್ರಾಣ ಬಿಡಬೇಕು, ಅವಳಿಗಿದ್ದದ್ದು ಅದೊಂದೇ ಆಸೆ. ಹಳ್ಳಿಯ ರಸ್ತೆಗೆ ಇಳಿದ ಮೇಲೆ ಒಂದೊಂದು ಗುಂಡಿಗೂ ಚೀರಿದಳು. ಪ್ರತಿ ಸಲವೂ ಕಾಕಾ ಅದನ್ನು ತಾನೇ ತೋಡಿದವನ ಹಾಗೆ ತಲೆ ತಗ್ಗಿಸಿದ.

"ಈ ರಸ್ತೇದ ತಳಾನ ಸರಿ ಇಲ್ಲ," ಎಂದ.

"ತಳದ ಮಾತ ಸಾಕ ಮಾಡ್ರಿ. ನನ್ನ ಕೈ ಹಿಡೀರಿ."

ಹಿಡಿದುಕೊಂಡ. ಮನೆ ಮುಟ್ಟಿದೆವು. ನಾಲ್ಕನೆಯ ದಿನ ಕಾಕಿ ತೀರಿಕೊಂಡಳು.

ಕಾಕಾನನ್ನು ಬಲ್ಲ ಜನ ಯಾರೂ ಹೇಳದೆಯೇ ಕುಣಿಯ ಬದಿಗೆ ನೀರಿನ ಕೊಡ ತಂದಿಟ್ಟಿದ್ದರು. ನನಗೆ ಹೆದರಿಕೆ, ಇವತ್ತೂ ಇವನು ಶುರು ಮಾಡುತ್ತಾನಲ್ಲ ಎಂದು. ಒಂದು ಗೇಣು ಮಣ್ಣು ಬಿತ್ತು. ಕುಣಿ ತೋಡಿದವನು ತುಳಿಯಲು ಕಾಲು ಎತ್ತಿದ. ಕಾಕಾ ಅವನ ರಟ್ಟೆ ಹಿಡಿದ.

"ಬ್ಯಾಡಪಾ. ಸಡ್ಲ ಇರ್ಲಿ."

"ಮಳಿಗೆ ಕುಸೀತೈತಲ್ರಿ, ಸಾಹೇಬ್ರ?"

"ಕುಸೀಲಿ. ನಾ ಮತ್ತ ಬಂದು ಹಾಕ್ತೀನಿ. ಈಗ ತುಳೀಬ್ಯಾಡ, ಆಕಿಗೆ ಬೆನ್ನು ಭಾಳ ನೋಯ್ತಿತ್ತು."