ಮುಚ್ಚಿಸಿದ ಗೆರೆ, ಬರೆದ ಗೆರೆ

ಮುಖ ನೋಡಿ ಮಣೆ ಹಾಕುವುದು ಎಂಬುದನ್ನು ನೀವೆಲ್ಲ ಬರೀ ಗಾದೆ ಎಂದುಕೊಂಡಿರಬಹುದು. ನಮ್ಮ ಮನೆಯಲ್ಲಿ ಅದು ಕಾನೂನು. ಸಂಜೆ ಆರೂವರೆಗೆ ನಾನೂ ನಮ್ಮ ಯಜಮಾನರೂ ಕೆಲಸ ಮುಗಿಸಿ ಒಟ್ಟಿಗೆ ಮನೆ ಸೇರುತ್ತೇವೆ. ಬಾಗಿಲು ತೆಗೆಯುವವರು ಅತ್ತೆ. ಕನ್ನಡಕ ಏರಿಸಿ ಇಬ್ಬರ ಮುಖವನ್ನೂ ಪರಿಶೀಲಿಸುತ್ತಾರೆ. ಯಾರ ಮುಖ ಹೆಚ್ಚು ಬಾಡಿದೆಯೋ ಅವರಿಗೆ ಕಿಟಕಿ ಪಕ್ಕದ ಕುರ್ಚಿ, ಕಾಲಿಗೆ ಸ್ಟೂಲು, ಕೈಗೆ ಬಿಸಿ ಕಾಫಿ. ಇನ್ನೊಬ್ಬರಿಗೆ ಸಿಂಕಿನಲ್ಲಿ ಬೆಳಗಿನಿಂದ ನೆನೆಯುತ್ತಿರುವ ಪಾತ್ರೆಗಳು. ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಹನ್ನೊಂದು ವರ್ಷ ಆ ಸಿಂಹಾಸನ ನನ್ನದೇ ಆಗಿತ್ತು. ಕಾರಣ, ನನ್ನ ಕಣ್ಣಿನ ಕೆಳಗೆ, ಕೆನ್ನೆ ಶುರುವಾಗುವಲ್ಲಿ, ಮೂಗಿನ ಬುಡದಿಂದ ಹೊರಟು ಓರೆಯಾಗಿ ಇಳಿಯುತ್ತಿದ್ದ ಎರಡು ಗೆರೆ. ಗೆರೆ ಎಂದರೆ ಅವಕ್ಕೆ ಅವಮಾನ, ಕಾಲುವೆ ಎನ್ನಬೇಕು. ಹತ್ತು ಗಂಟೆ ಮಲಗಿ ಎದ್ದರೂ ಹತ್ತು ದಿನ ನಿದ್ದೆಗೆಟ್ಟವಳ ಕಳೆ. ಯಜಮಾನರದು ಉಬ್ಬಿದ ಕೆನ್ನೆ. ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಅವರದು. ದಿನವಿಡೀ ಬಗ್ಗಿ ಸೊಂಟ ಮುರಿದುಕೊಂಡು ಬಂದರೂ ಔತಣ ಮುಗಿಸಿ ಬಂದ ಹಾಗೇ ಕಾಣುತ್ತಾರೆ. (ಪಾಪ ಅನ್ನಿಸುತ್ತಿತ್ತು. ಕುರ್ಚಿ ಬಿಟ್ಟು ಏಳುವಷ್ಟಲ್ಲ.)

ಇಷ್ಟು ಸುಖವನ್ನು ನಾನೇ ಕೈಯಾರೆ ಕೆಡಿಸಿಕೊಂಡೆ. ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೂರುವವಳು ನಾನು. ಬಂದವರು ಬಸ್ಸನ್ನು ವಿಚಾರಿಸುವ ಮೊದಲು ನನ್ನನ್ನೇ ವಿಚಾರಿಸುತ್ತಿದ್ದರು: "ಹುಷಾರಿಲ್ವಾ ಮೇಡಂ?" ಅದನ್ನೂ ಸಹಿಸಿದೆ. ಆದರೆ ಒಂದು ದಿನ, ಕಿಟಕಿಯ ಆಚೆ ನಿಂತಿದ್ದ ತಲೆ ನರೆತ ಹೆಂಗಸು, "ನಿವೃತ್ತಿಗೆ ಇನ್ನೆಷ್ಟು ದಿನ ಇದೆ ಅಕ್ಕಾ?" ಎಂದುಬಿಟ್ಟಳು. ನನಗೆ ನಲವತ್ತಮೂರು. ಅಕ್ಕ!

ಮರುವಾರವೇ ಚರ್ಮದ ಡಾಕ್ಟರ ಮುಂದೆ ಕೂತೆ. ಆಕೆ ಬಿಳಿ ಪೆನ್ಸಿಲಿನಿಂದ ನನ್ನ ಕಣ್ಣಿನ ಕೆಳಗೆ ಗುರುತು ಹಾಕಿ, ಮರಗಟ್ಟಿಸುವ ಮುಲಾಮು ಹಚ್ಚಿ, ಸೂಜಿಯಂಥ ಸಣ್ಣ ಕೊಳವೆಯಿಂದ ಕಾಲುವೆಗಳಿಗೆ ಜೆಲ್ ತುಂಬಿದರು. ಫಿಲ್ಲರ್ ಅಂತೆ. ಮಾಡುವುದು ರಸ್ತೆಯ ಗುಂಡಿ ಮುಚ್ಚುವ ಕೆಲಸವೇ, ಆದರೆ ಒಂದೇ ಮಳೆಗೆ ಕಿತ್ತುಹೋಗುವುದಿಲ್ಲ.

"ಹತ್ತಿರ ಹತ್ತಿರ ಒಂದು ವರ್ಷ ಇರುತ್ತೆ. ಎರಡು ದಿನ ಬಗ್ಗಬೇಡಿ, ಭಾರ ಎತ್ತಬೇಡಿ. ಸ್ವಲ್ಪ ಊದುತ್ತೆ."

"ಡಾಕ್ಟ್ರೇ, ಆ ಬಗ್ಗಬೇಡಿ ಅನ್ನೋದನ್ನ ಚೀಟಿಯಲ್ಲಿ ಬರೆದುಕೊಡ್ತೀರಾ?"

ಮನೆಗೆ ಹೋದಾಗ ಕಣ್ಣಿನ ಕೆಳಗೆ ಊತ, ಅದರ ಮೇಲೆ ನೀಲಿ. ಅತ್ತೆ ಬಾಗಿಲಲ್ಲೇ ಮಗನನ್ನು ದುರುಗುಟ್ಟಿ ನೋಡಿದರು.

"ಏನೋ ಮಾಡಿದೆ ಇವಳಿಗೆ?"

"ನಾನೇನೂ ಮಾಡಿಲ್ಲಮ್ಮ!"

"ಅದೇ ತಪ್ಪು. ನೀನು ಏನೂ ಮಾಡಲ್ಲ. ಹೋಗು, ಪಾತ್ರೆ ತೊಳಿ."

ಕಣ್ಣಿಗೆ ಏನೋ ಚಿಕಿತ್ಸೆ ಎಂದೆ. (ಸುಳ್ಳಲ್ಲ, ಒಂದು ಬೆರಳು ಆಚೀಚೆ.) ಮೂರು ದಿನ ಮಹಾರಾಣಿಯಂತೆ ಮೆರೆದೆ. ನಾಲ್ಕನೆಯ ದಿನ ಊತ ಇಳಿಯಿತು. ಕನ್ನಡಿಯಲ್ಲಿ ನೋಡಿದರೆ ಕಾಲುವೆಗಳೇ ಇಲ್ಲ! ಅಂದು ನಿಲ್ದಾಣದಲ್ಲಿ ಹನ್ನೆರಡು ಬಸ್ಸು ತಡ. ಜನರ ಬೈಗುಳ ಕೇಳಿ ಕೇಳಿ, ಕಾಲೆಳೆದುಕೊಂಡು ಮನೆಗೆ ಬಂದೆ. ಅತ್ತೆ ಕನ್ನಡಕ ಏರಿಸಿದರು.

"ಏನಮ್ಮಾ, ಇವತ್ತು ರಜೆ ಇತ್ತಾ? ಮಲಗಿ ಎದ್ದು ಬಂದ ಹಾಗಿದ್ದೀಯ! ಮಗಾ, ನೀನು ಕೂತ್ಕೋ. ಪಾಪ, ಸೊರಗಿ ಹೋಗಿದ್ದೀಯ."

ಸೊರಗಿದ ಆ ಗುಂಡು ಪ್ರಾಣಿ ನನ್ನ ಕುರ್ಚಿಯಲ್ಲಿ ಕೂತು, ನನ್ನ ಸ್ಟೂಲಿನ ಮೇಲೆ ಕಾಲು ಚಾಚಿತು. "ಇಲ್ಲಿಂದ ಬೀದಿ ಎಷ್ಟು ಚೆನ್ನಾಗಿ ಕಾಣುತ್ತೆ ಕಣೇ! ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ಹೇಳಲಿಲ್ವಲ್ಲ ನೀನು."

"ಬಾಯಿ ಮುಚ್ಕೊಂಡು ಕಾಫಿ ಕುಡೀರಿ."

ಒಂದು ವಾರ ಸುಟ್ಟ ಬಾಣಲೆ ಉಜ್ಜಿದೆ. ಎಂಟನೆಯ ದಿನ, ತಳ ಹಿಡಿದ ಪಾತ್ರೆಯನ್ನು ಕೆರೆಯುತ್ತಿದ್ದಾಗ ಡಾಕ್ಟರ ಪೆನ್ಸಿಲು ಜ್ಞಾಪಕಕ್ಕೆ ಬಂತು. ಮರುದಿನ ಸಂಜೆ ನಿಲ್ದಾಣದ ಹೆಂಗಸರ ಕೋಣೆಯಲ್ಲಿ ಕನ್ನಡಿ ಮುಂದೆ ನಿಂತು, ಹುಬ್ಬಿಗೆ ತೀಡುವ ಪೆನ್ಸಿಲಿನಿಂದ ಮುಚ್ಚಿಸಿದ ಕಾಲುವೆಗಳನ್ನು ಮತ್ತೆ ತೋಡಿದೆ. ಬೆರಳಿನಿಂದ ತುಸು ಉಜ್ಜಿದೆ. ಆಹಾ, ಹಳೆಯ ನಾನು!

ಕುರ್ಚಿ ಮರಳಿ ಬಂತು. ಮೂರು ದಿನ ಮಾತ್ರ. ಮೂರನೆಯ ಸಂಜೆ ಯಜಮಾನರು ಕೈತುಂಬ ನೊರೆ ಇಟ್ಟುಕೊಂಡು ನನ್ನ ಮುಖದ ಹತ್ತಿರ ಬಗ್ಗಿದರು.

"ನಿನ್ನೆ ಎಡಗಡೆ ಗೆರೆ ಇಷ್ಟು ಕೆಳಗಿರಲಿಲ್ಲ. ಇವತ್ತು ಎರಡು ಮಿಲಿಮೀಟರ್ ಇಳಿದಿದೆ."

"ಆಯಾಸ ಜಾಸ್ತಿ ಆದ್ರೆ ಇಳಿಯುತ್ತೆ ರೀ."

"ಹೌದಾ," ಎಂದು ತಲೆಯಾಡಿಸಿ ಸಿಂಕಿಗೆ ಮರಳಿದರು. ನಕ್ಷೆ ಬರೆಯುವವನನ್ನು ಕಟ್ಟಿಕೊಂಡವಳು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಮರುದಿನ ಸಂಜೆ ಅವರು ಮುಖ ಆಚೆ ತಿರುಗಿಸಿಕೊಂಡೇ ಮೆಟ್ಟಿಲು ಹತ್ತಿದರು. ಬಾಗಿಲು ತೆರೆಯಿತು. ಬೆಳಕು ಬಿದ್ದಾಗ ನೋಡುತ್ತೇನೆ, ಆ ಗುಂಡು ಕೆನ್ನೆಗಳ ಮೇಲೆ ಎರಡು ಭವ್ಯ ಕಾಲುವೆ! ಎಡಬಲ ಒಂದೇ ಅಳತೆ, ಒಂದೇ ಓರೆ, ಅಂಚಿಗೆ ನವಿರಾದ ನೆರಳು ಬೇರೆ. ಮಂಜೂರಾತಿಗೆ ಕಳಿಸಬಹುದಾದಂಥ ಕೆಲಸ.

ಅತ್ತೆ ಅವರನ್ನು ನೋಡಿದರು, ನನ್ನನ್ನು ನೋಡಿದರು. ಕನ್ನಡಕ ತೆಗೆದರು. ಹೆಬ್ಬೆರಳು ಒದ್ದೆ ಮಾಡಿ ಮಗನ ಕೆನ್ನೆಗೆ ಒಮ್ಮೆ, ನನ್ನ ಕೆನ್ನೆಗೆ ಒಮ್ಮೆ ಎಳೆದರು. ಕಪ್ಪಾದ ಬೆರಳನ್ನು ಇಬ್ಬರ ಮೂಗಿನ ಮುಂದೆ ಹಿಡಿದರು. ಆಮೇಲೆ ನೆಟ್ಟಗೆ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಸ್ಟೂಲಿನ ಮೇಲೆ ಕಾಲು ಚಾಚಿದರು.

ಕನ್ನಡಕವಿಲ್ಲದ ಆ ಮುಖದ ಮೇಲೆ ಕಿಟಕಿಯ ಬೆಳಕು ಬಿತ್ತು. ಕಣ್ಣಿನ ಕೆಳಗೆ ನನ್ನದರ ಎರಡರಷ್ಟು ಆಳದ ಕಾಲುವೆ, ಅದಕ್ಕೆ ಉಪಕಾಲುವೆ ಬೇರೆ. ಬೆಳಿಗ್ಗೆ ಐದಕ್ಕೆ ಎದ್ದು ಮೂವರಿಗೂ ಅಡುಗೆ ಮಾಡಿ, ಇಬ್ಬರ ಡಬ್ಬಿ ತುಂಬಿ, ಬಟ್ಟೆ ಒಗೆದು, ಸಂಜೆ ಕಾಫಿ ಕಾಸಿ ಬಾಗಿಲು ತೆಗೆಯುವ ಮುಖ ಅದು.

"ಅತ್ತೆ, ನಿಮಗೂ ಗೆರೆ..." ಎಂದೆ ಪೆದ್ದಿಯಂತೆ.

"ಮೂವತ್ತು ವರ್ಷದ್ದು. ಬಾಗಿಲು ತೆಗೆಯೋಳ ಮುಖ ಯಾರು ನೋಡ್ತಾರೆ? ನಿಮ್ಮಿಬ್ಬರದೂ ತೊಳೆದ್ರೆ ಹೋಗುತ್ತೆ. ಹೋಗಿ, ತೊಳ್ಕೊಳ್ಳಿ. ಹೇಗೂ ಸಿಂಕಿನ ಮುಂದೆ ನಿಂತಿರ್ತೀರಲ್ಲ, ಪಾತ್ರೆನೂ ಮುಗಿಸಿ. ಆಮೇಲೆ ಕಾಫಿ ಮಾಡಿ. ಒಂದೇ ಲೋಟ ಸಾಕು."

ಅಂದಿನಿಂದ ಕುರ್ಚಿ ಅವರದು. ಕಾನೂನು ಈಗಲೂ ಅದೇ, ಬಾಡಿದ ಮುಖಕ್ಕೆ ಮಣೆ. ಅವರನ್ನು ಸೋಲಿಸುವಂಥ ಕಾಲುವೆ ಬೀಳಲು ನನಗಿನ್ನೂ ಇಪ್ಪತ್ತೈದು ವರ್ಷ ಬೇಕು. ಸೂಜಿ ಚುಚ್ಚಿಸಿಕೊಂಡು ನಾನೇ ಹಿಂದಕ್ಕೆ ತಳ್ಳಿದ ಒಂದು ವರ್ಷ ಸೇರಿಸಿದರೆ, ಇಪ್ಪತ್ತಾರು.