ನಮ್ಮ ಹಾಲ್‌ಗೆ ಬಂದಿಳಿದ ಸ್ಕೈವಾಕ್

ಡೊಂಬಿವಲಿ ಪೂರ್ವದಲ್ಲಿರುವ ನಮ್ಮ ಮನೆಯ ಹಾಲ್ ಸಾರ್ವಜನಿಕ ರಸ್ತೆಯೆಂದು ಘೋಷಿತವಾದದ್ದು ೨೦೧೦ರ ಮಳೆಗಾಲ ಮುಗಿದ ಮೇಲೆ. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಸಂಬಂಧಪಟ್ಟವರೆಲ್ಲರೂ ಒಪ್ಪಿಕೊಂಡಿದ್ದಾರೆ.

ಸ್ಟೇಷನ್ನಿಂದ ನಮ್ಮ ಬಿಲ್ಡಿಂಗಿನವರೆಗಿನ ರಸ್ತೆಯನ್ನು ಅಗೆಯುವುದು, ಮುಚ್ಚುವುದು, ಮುಚ್ಚಿದ್ದು ಸರಿಯಾಗಿದೆಯೇ ಎಂದು ನೋಡಲು ಮತ್ತೆ ಅಗೆಯುವುದು ನಡೆದೇ ಇತ್ತು. ಜನರು ಮೇಲಿನಿಂದಲೇ ನಡೆದುಹೋಗುವಂತೆ ಸ್ಕೈವಾಕ್ ಬೇಕೆಂದು ಒಂದು ನಾಗರಿಕ ಸಮಿತಿ ಹುಟ್ಟಿಕೊಂಡಿತು. ಮೈಸೂರಿನಿಂದ ಬಂದು ಬ್ಯಾಂಕೊಂದರಲ್ಲಿ ಕೆಲಸಕ್ಕಿರುವ ಶ್ರೀನಿ ಎಂಬ ನಾನು ಅದರ ಅಧ್ಯಕ್ಷನಾದೆ. ಬೇರೆ ಯಾರೂ ಒಪ್ಪದ ಕಾರಣ ಆಯ್ಕೆ ಅವಿರೋಧವಾಗಿತ್ತು. "ಈ ಯೋಜನೆಗೆ ನಮ್ಮ ಮನೆಯ ಬಾಗಿಲು ಸದಾ ತೆರೆದಿರುತ್ತದೆ" ಎಂದು ನಾನು ಸಭೆಯಲ್ಲಿ ಭಾಷಣ ಮಾಡಿದಾಗ ಚಪ್ಪಾಳೆ ಬಿತ್ತು. ಕಾಮಗಾರಿಯ ಇಂಜಿನಿಯರ್ ಹರಿಶ್ಚಂದ್ರ ಸಾಹೇಬರು ಚಪ್ಪಾಳೆ ತಟ್ಟದೆ ಆ ಮಾತನ್ನು ಬರೆದುಕೊಂಡರು.

ಸ್ಕೈವಾಕ್ ಸ್ಟೇಷನ್ನಿನಿಂದ ಸರಸರನೆ ಬಂದು ಎರಡನೇ ಮಹಡಿಯ ನಮ್ಮ ಬಾಲ್ಕನಿಯ ಹತ್ತಿರ ನಿಂತಿತು. ಅಲ್ಲಿಂದ ಮೆಟ್ಟಿಲು ಇಳಿಯಬೇಕಾಗಿದ್ದ ಜಾಗದ ಮೇಲೆ ಕೋರ್ಟಿನಲ್ಲಿ ಕೇಸಿತ್ತು. ಒಂದು ಸಂಜೆ ಹರಿಶ್ಚಂದ್ರ ಸಾಹೇಬರು ಟೇಪು ಹಿಡಿದು ನಮ್ಮ ಮನೆಗೇ ಬಂದರು.

"ಚುನಾವಣೆಯ ನೀತಿಸಂಹಿತೆ ಬರುವ ಮೊದಲು ಉದ್ಘಾಟನೆ ಆಗಬೇಕು" ಎಂದರು. "ಇಳಿಯುವ ದಾರಿ ಇಲ್ಲದ ಸ್ಕೈವಾಕನ್ನು ಉದ್ಘಾಟಿಸಲು ನಿಯಮದಲ್ಲಿ ಅವಕಾಶವಿಲ್ಲ. ನಿಮ್ಮ ಬಿಲ್ಡಿಂಗಿಗೆ ಜಿನಾ ಇದೆಯಲ್ಲ?"

"ಮೆಟ್ಟಿಲು ಇದೆ. ಆದರೆ ಬಾಲ್ಕನಿಯಿಂದ ಅಲ್ಲಿಗೆ ನಮ್ಮ ಹಾಲ್ ದಾಟಿಯೇ ಹೋಗಬೇಕು."

"ನೀವೇ ಹೇಳಿದ್ದೀರಿ, ಬಾಗಿಲು ಸದಾ ತೆರೆದಿರುತ್ತದೆ ಅಂತ. ಇದು ತಾತ್ಕಾಲಿಕ."

"ತಾತ್ಕಾಲಿಕ ಅಂದರೆ?"

"ಕಾಯಂ ವ್ಯವಸ್ಥೆ ಆಗುವವರೆಗೆ."

ಉತ್ತರದಲ್ಲಿ ಯಾವ ದೋಷವೂ ಕಾಣದ್ದರಿಂದ ನಾನು ಒಪ್ಪಿದೆ. ಬಾಲ್ಕನಿಯ ಗ್ರಿಲ್ ಕತ್ತರಿಸಿದರು. ಮುಖ್ಯ ಅತಿಥಿಗಳು ಅಲ್ಲೇ ರಿಬ್ಬನ್ ಕತ್ತರಿಸಿ, ಹಾಲ್‌ನಲ್ಲಿ ಚಹಾ ಕುಡಿದು, ಮುಂಬಾಗಿಲಿನಿಂದ ಕೆಳಗಿಳಿದರು. ನನಗೆ ಶಾಲು ಹೊದಿಸಿದರು. ಕೆಳಗೆ ಹೋಟೆಲು ನಡೆಸುವ ಉಡುಪಿ ಕಡೆಯ ಮುಂಡಪ್ಪನವರು ಕೈ ಕುಲುಕಿ, "ಎಂಥ ಪುಣ್ಯ ಮಾರಾಯ್ರೆ! ನಮ್ಮ ಊರಿಗೇ ಇನ್ನೂ ರಸ್ತೆ ಬರ್ಲಿಲ್ಲ, ನಿಮ್ಮದು ಮನೆಯೊಳಗೇ ಬಂತು" ಎಂದರು. ನನಗೆ ಬಹಳ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ಹೆಂಡತಿ ವೇದಾ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಾಗ ಸಾರ್ವಜನಿಕರ ಸಂಚಾರ ಆರಂಭವಾಯಿತು. ಸ್ಟೇಷನ್ನಿಗೆ ಹೋಗುವವರು ಮುಂಬಾಗಿಲಿನಿಂದಲೂ, ರಾತ್ರಿಪಾಳಿ ಮುಗಿಸಿದವರು ಬಾಲ್ಕನಿಯಿಂದಲೂ ಬಂದು ಟೀಪಾಯಿಯ ಹತ್ತಿರ ಸಿಕ್ಕಿಹಾಕಿಕೊಂಡರು.

"ರೀ, ಚಪ್ಪಲಿ ಬಿಚ್ಚೋಕೆ ಹೇಳಿ ಅವರಿಗೆ!" ಎಂದು ವೇದಾ ಕೂಗಿದಳು. ಕೆಲವರು ಮರ್ಯಾದೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

ಇಲ್ಲಿಯೇ ಹುಟ್ಟಿ ಬೆಳೆದ ಮಗಳು ಯಾಮಿನಿ ಬಚ್ಚಲಿನ ಒಳಗಿನಿಂದ, "ಅಪ್ಪಾ, ಗರ್ದಿ ಗೇಲೀ ಕಾ?" ಎಂದು ಮರಾಠಿಯಲ್ಲಿ ಕೇಳಿದಳು. ಗುಂಪು ಹೋಗಿರಲಿಲ್ಲ. ಅವಳು ಆ ದಿನ ಕಾಲೇಜಿಗೆ ಹೋಗಲಿಲ್ಲ.

ಜನರಿಗೆ ಅಡ್ಡವಾಗುತ್ತಿದೆಯೆಂದು ದೂರು ಹೋಯಿತು. ಒತ್ತುವರಿ ತೆರವು ದಳ ಬಂದು ನಮ್ಮ ಸೋಫಾ, ಟೀಪಾಯಿ, ಟಿ.ವಿ. ಸ್ಟ್ಯಾಂಡುಗಳನ್ನು ಲಾರಿಗೆ ಹಾಕಿತು. ವೇದಾ ಅಡ್ಡ ನಿಂತಳು.

"ಇದು ನಮ್ಮ ಮನೆ!"

"ತಾಯೀ, ಎಲ್ಲರೂ ಹಾಗೇ ಹೇಳ್ತಾರೆ" ಎಂದ ದಳದವನು, ಬೇಸರವಿಲ್ಲದೆ.

ವೇದಾ ನನ್ನ ಕಡೆ ತಿರುಗಿದಳು. ನಾನು ಸಮಿತಿಯ ಅಧ್ಯಕ್ಷನಾಗಿದ್ದರಿಂದ ದಳಕ್ಕೆ ಸಹಕರಿಸುತ್ತಾ ಸೋಫಾದ ಒಂದು ತುದಿ ಹಿಡಿದಿದ್ದೆ. ಅವಳು ಒಳಗೆ ಹೋಗಿ ಚೀಲ ತೆಗೆದಳು. ಬಟ್ಟೆ ತುಂಬಿಕೊಂಡು, ಯಾಮಿನಿಯನ್ನು ಕರೆದುಕೊಂಡು ಸಾನಪಾಡಾದಲ್ಲಿರುವ ಅಣ್ಣನ ಮನೆಗೆ ಹೊರಟುಹೋದಳು.

ನಾನು ಅಡುಗೆಮನೆಯಲ್ಲಿ ನಿಂತು ಊಟ ಮಾಡತೊಡಗಿದೆ. ಒಂದು ಸಂಜೆ ಸ್ಟೇಷನ್ನಿನ ಕಡೆಯಿಂದ ಬಂದ ಗುಂಪಿನಲ್ಲಿ ವೇದಾ ಕಂಡಳು. ನನ್ನ ಎದೆ ಹಗುರಾಯಿತು.

"ಬಂದೆಯಾ?"

"ಇಲ್ಲ. ಮಾರ್ಕೆಟ್ಟಿನ ಟೇಲರ್ ಹತ್ರ ಬ್ಲೌಸ್ ಕೊಟ್ಟಿದ್ದೆ. ಅವನ ಅಂಗಡಿಗೆ ಇದೇ ಹತ್ತಿರದ ದಾರಿ" ಎಂದು ಹೇಳಿ ಮುಂಬಾಗಿಲಿನಿಂದ ಇಳಿದುಹೋದಳು. ಮದುವೆಯಾದ ಮೇಲೆ ನನಗೆ ಅಷ್ಟು ಅಳು ಬಂದದ್ದು ಅದೇ ಮೊದಲು. ಆದರೆ ದಾರಿಯಲ್ಲಿ ನಿಂತು ಅಳುವುದು ಸಂಚಾರಕ್ಕೆ ತೊಂದರೆ ಎಂದು ಪಕ್ಕಕ್ಕೆ ಸರಿದೆ.

ಮಾರನೆಯ ದಿನ ರಜೆ ಹಾಕಿ ಹರಿಶ್ಚಂದ್ರ ಸಾಹೇಬರ ಆಫೀಸಿಗೆ ಹೋದೆ. "ಸಾಹೇಬ್, ನಮ್ಮ ಹಾಲ್‌ನಲ್ಲಿ ನಾವು ಕೂತುಕೊಳ್ಳುವ ಹಾಗೆ ಏನಾದರೂ ಮಾಡಿ."

ಅವರು ನಿಜವಾದ ಕಾಳಜಿಯಿಂದ ಯೋಚಿಸಿದರು. "ಸಾರ್ವಜನಿಕ ರಸ್ತೆಯಲ್ಲಿ ನಿವಾಸಿ ಕೂರುವಂತಿಲ್ಲ. ಫೇರಿವಾಲಾ, ಅಂದರೆ ಬೀದಿ ವ್ಯಾಪಾರಿ, ಕೂರಬಹುದು."

"ನಾನು ಬ್ಯಾಂಕಿನಲ್ಲಿ ಅಧಿಕಾರಿ."

"ಅದಕ್ಕೆ ಅಡ್ಡಿಯಿಲ್ಲ. ಮುಂದೆ ಮಾರಾಟದ ವಸ್ತು ಇರಬೇಕು, ಅಷ್ಟೇ."

ಸಾಹೇಬರ ಶಿಫಾರಸಿನಿಂದ ಲೈಸೆನ್ಸ್ ಬೇಗ ಸಿಕ್ಕಿತು. ಮೊದಲ ಸಂಜೆ ನಾನೇ ಕರಿದ ಕೋಡುಬಳೆಯನ್ನು ಗೋಡೆಯ ಪಕ್ಕ ಚಾದರದ ಮೇಲೆ ಹರವಿ ಕೂತೆ. ಯಾರೂ ಕೊಳ್ಳಲಿಲ್ಲ. ಟೇಲರ್ ಅಂಗಡಿಯಿಂದ ವಾಪಸು ಸ್ಟೇಷನ್ನಿಗೆ ಹೊರಟಿದ್ದ ವೇದಾ (ಬ್ಲೌಸ್ ಆ ದಿನವೂ ಆಗಿರಲಿಲ್ಲ) ನಿಂತಳು. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಮುರಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಮೈಸೂರಿನವರ ಮಾನ ಕಳೀತಿದೀರಿ. ಏಳಿ, ಹಿಟ್ಟು ಎಲ್ಲಿದೆ?" ಎಂದು ಅಡುಗೆಮನೆಗೆ ನಡೆದಳು.

ಹೀಗೆ ಸಂಸಾರ ಮತ್ತೆ ಒಂದಾಯಿತು. ಮುಂಡಪ್ಪನವರು ಮಾರಾಟಕ್ಕೆ ದಿನಾ ಅವಲಕ್ಕಿ ಚೂಡಾ ಕಳಿಸಿಕೊಡುತ್ತಾರೆ. ಯಾಮಿನಿ ಬಾಲ್ಕನಿಯಲ್ಲಿ ನಿಂತು ಕಾವಲು ಕಾಯುತ್ತಾಳೆ. ತೆರವು ದಳದ ಲಾರಿ ಬಂದದ್ದು ಕಂಡು "ಗಾಡೀ ಆಲೀ!" ಎಂದು ಅವಳು ಕೂಗಿದೊಡನೆ, ಲೈಸೆನ್ಸ್ ಇದ್ದರೂ ರೂಢಿಯಂತೆ ನಾವು ಚಾದರ ಸುತ್ತಿಕೊಂಡು ಅಡುಗೆಮನೆಗೆ ಓಡುತ್ತೇವೆ. ದಳದವರು ಹಾಲ್ ದಾಟಿ ಹೋಗುವವರೆಗೆ ಉಸಿರು ಬಿಗಿಹಿಡಿದು ನಿಂತಿರುತ್ತೇವೆ. ಆಗಾಗ ವೇದಾಳಿಗೆ ನಗು ತಡೆಯಲಾಗುವುದಿಲ್ಲ.

ಮೊನ್ನೆ ಸಂಜೆ ಆಫೀಸು ಬಿಟ್ಟು ಬಂದವರೊಬ್ಬರು ಗರ್ದಿಯಲ್ಲಿ ನನ್ನ ಕಾಲು ಎಡವಿ, ಸಿಟ್ಟಿನಿಂದ ಸುತ್ತ ನೋಡಿದರು.

"ನಡೆಯೋದಕ್ಕೇ ಜಾಗ ಇಲ್ಲ! ಕಹಾಂ ಕಹಾಂ ಸೆ ಆ ಜಾತೇ ಹೈಂ, ಎಲ್ಲೆಲ್ಲಿಂದಲೋ ಬಂದುಬಿಡ್ತಾರೆ ಈ ಜನ!"

"ಮೈಸೂರ್ ಸೆ" ಎಂದಳು ವೇದಾ, ಕೋಡುಬಳೆ ಕಟ್ಟಿಕೊಡುತ್ತಾ.

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ನಾನು ಕಾಲು ಮಡಚಿಕೊಂಡೆ.