ಸಣ್ಣ ಬಾಗಿಲಿನಿಂದ ಬಂದ ಫೈಲು

ಪ್ಯಾಂಟು ತೊಟ್ಟವರಿಗೆ ಬುದ್ಧಿ ಜಾಸ್ತಿ ಎಂಬ ನಂಬಿಕೆಯನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಪ್ಯಾಂಟು ತೊಟ್ಟವರೇ ಇರಬೇಕು. ಆದೋನಿಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನಾನೂ ಇಪ್ಪತ್ತು ವರ್ಷ ಅದನ್ನೇ ನಂಬಿಕೊಂಡು ಬಂದವನು. ನಮ್ಮ ಮಿಲ್ಲಿಗೆ ಎರಡು ಬಾಗಿಲು. ದೊಡ್ಡ ಗೇಟಿನಲ್ಲಿ ಪೆದ್ದಹರಿವಾಣದ ಎಲ್ಲಪ್ಪ ಕೂತಿರುತ್ತಾನೆ. ಪಂಚೆ, ಲುಂಗಿ, ಸೀರೆ, ಯಾರೇ ಬಂದರೂ ತಡೆದು ಬೀಡಿ, ಬೆಂಕಿಪೊಟ್ಟಣ ಕಸಿದು ತಗಡಿನ ಡಬ್ಬಿಗೆ ಹಾಕುತ್ತಾನೆ. ಪ್ಯಾಂಟಿನವರಿಗೆ ಆಫೀಸಿನ ಕಡೆ ಸಣ್ಣ ಬಾಗಿಲು. ಅಲ್ಲಿ ಕೇಳುವವರೇ ಇಲ್ಲ. “ಪ್ಯಾಂಟಿನ ಜೇಬಿನ್ಯಾಗ ಬೆಂಕಿಪೊಟ್ಟಣ ಇರಂಗಿಲ್ಲೇನು ಎಲ್ಲಪ್ಪಾ?” ಎಂದು ಒಮ್ಮೆ ಅಣಕಿಸಿದ್ದೆ. “ದೊಡ್ಡೋರ ಜೇಬಿಗೆ ಕೈ ಹಾಕಾಕ ಬರತೈತೇನ್ರಿ ಸಾರ್?” ಎಂದು ಹಲ್ಲುಬಿಟ್ಟಿದ್ದ. ಮನೆಗೆ ಬಂದು ಹೆಂಡತಿಗೆ ಇದನ್ನು ಹೇಳಿ ಹೊಟ್ಟೆ ತುಂಬ ನಕ್ಕಿದ್ದೆ.

ಈ ನಡುವೆ ಕಂಪ್ಯೂಟರಿನೊಳಗೆ ನಾನೂ ಒಬ್ಬ ಕಾವಲುಗಾರನನ್ನು ಕೂರಿಸಿದ್ದೆ. ನಮ್ಮ ಗೋದಾಮುಗಳಲ್ಲಿ ಶಾಖ ಅಳೆಯುವ ಯಂತ್ರಗಳಿವೆ. ಒಂದೊಂದಕ್ಕೂ ನಾನು ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದೊಂದು ಫೈಲು. ಫೈಲು ಲೋಡ್ ಆಗುವಾಗಲೇ ಅಡ್ಡಗಟ್ಟಿ, ‘ಶಾಖ ಏರಿದರೆ ಸೈರನ್ ಕೂಗಿಸು’ ಎಂಬ ಆಜ್ಞೆಯನ್ನು ಅದಕ್ಕೆ ಕಟ್ಟಿ ಒಳಗೆ ಬಿಡುವುದು ಆ ಕಾವಲುಗಾರನ ಕೆಲಸ. ಅವನು ಗುರುತು ಹಿಡಿಯುವುದು ಹೆಸರಿನ ಬಾಲದಿಂದ, ಅಂದರೆ ಎಕ್ಸ್‌ಟೆನ್ಷನ್ ನೋಡಿ. ಡಾಟ್ ಜೆಎಸ್ ಎಂದಿದ್ದರೆ ತಡೆಯುತ್ತಾನೆ. ಎರಡು ಗೋದಾಮು ಚೆನ್ನಾಗಿಯೇ ನಡೆದವು. ಮೂರನೆಯದಕ್ಕೆ, ಹೊಸ ಪದ್ಧತಿ ಕಲಿತ ಹುರುಪಿನಲ್ಲಿ, ಡಾಟ್ ಎಂಜೆಎಸ್ ಎಂದು ಬಾಲ ಇಟ್ಟೆ. ಆ ಬಾಲದ ಫೈಲುಗಳು ಒಳಗೆ ಬರುವ ದಾರಿಯೇ ಬೇರೆ. ಹಳೆಯ ಕಾವಲುಗಾರನ ಕಣ್ಣಿಗೆ ಬೀಳುವುದೇ ಇಲ್ಲ. ತಪ್ಪಾಗಿದೆ ಎಂದು ಕಂಪ್ಯೂಟರು ಒಂದು ಮಾತೂ ಆಡಲಿಲ್ಲ. ಸೈರನ್ ಒಮ್ಮೆ ಪರೀಕ್ಷಿಸಬೇಕಿತ್ತು. ಮೊದಲಿನವೆರಡೂ ಕೂಗಿದ್ದವಲ್ಲ ಎಂದು ಬಿಟ್ಟೆ.

ಹತ್ತಿಯಲ್ಲಿ ಸೇರಿದ ಕಲ್ಲು ಯಂತ್ರಕ್ಕೆ ಬಡಿದು ಕಿಡಿ ಹಾರುವುದು ಜಿನ್ನಿಂಗಿನಲ್ಲಿ ಹೊಸದಲ್ಲ. ಒಂದು ಮಧ್ಯಾಹ್ನ ಅಂಥ ಕಿಡಿಯೊಂದು ಹತ್ತಿಯಲ್ಲಿ ಅವಿತು ಮೂರನೇ ಗೋದಾಮು ಸೇರಿತು. ಶಾಖ ಏರಿದ್ದು ನನ್ನ ಪರದೆಯ ಮೇಲೆ ಕಂಡಿರಬೇಕು; ನಾನು ಊಟಕ್ಕೆ ಹೋಗಿದ್ದೆ. ಸೈರನ್ ಕೂಗಲಿಲ್ಲ. ಉಂಡು ಗೋದಾಮಿನ ಮೂಲೆಯಲ್ಲೇ ಅಡ್ಡಾಗಿದ್ದ ಇಬ್ಬರು ಕೂಲಿ ಹೆಂಗಸರನ್ನು, ಗೇಟಿನಿಂದ ಹೊಗೆ ಕಂಡು ಓಡಿಬಂದ ಎಲ್ಲಪ್ಪ ಒಳಗೆ ನುಗ್ಗಿ ಎಳೆದು ತಂದ. ಅವರು ಉಳಿದರು. ಅವನ ಎರಡೂ ಕೈ ಬೆಂದವು.

“ಸೈರನ್ ಯಾಕ ಕೂಗಲಿಲ್ಲಪಾ?” ಎಂದು ಮಿಲ್ಲಿನ ಸಾಹುಕಾರರು ಕೇಳಿದರು. ಬಾಲದ ಕಥೆ ಹೇಳಿದೆ. “ಅಂದ್ರ ಹೆಸರು ನೋಡಿ ಬಿಡತಿತ್ತು, ಒಳಗ ಏನೈತಿ ಅಂತ ನೋಡತಿದ್ದಿಲ್ಲ. ನಮ್ಮ ಗೇಟಿನಂಗ,” ಎಂದರು.

ಎರಡು ತಿಂಗಳ ಮೇಲೆ ಎಲ್ಲಪ್ಪ ಕೆಲಸಕ್ಕೆ ಬಂದ. ಬೆರಳು ಮಡಚಲು ಬರುತ್ತಿರಲಿಲ್ಲ. ದೊಡ್ಡ ಗೇಟಿಗೆ ಬೇರೆಯವರನ್ನು ಹಾಕಿಸಿ, ತಾನು ತಗಡಿನ ಡಬ್ಬಿಯೊಂದಿಗೆ ಸಣ್ಣ ಬಾಗಿಲಿನಲ್ಲಿ ಕೂತಿದ್ದ. ಯಾವ ಬಾಲವಿದ್ದರೂ ಹಿಡಿಯುವ ಹೊಸ ಕಾವಲು ಬರೆದಿದ್ದೇನೆಂದು ಅವನಿಗೆ ವಿವರಿಸಿದೆ. ಕ್ಷಮೆ ಕೇಳಲು ಧೈರ್ಯವಿಲ್ಲದವನು ಇಂಥ ವಿವರಗಳನ್ನೇ ಹೇಳುತ್ತಾನೆ. ಎಲ್ಲವನ್ನೂ ಕೇಳಿ, “ಚಲೋ ಆತ್ರಿ ಸಾರ್. ಈಗ ಜೇಬು ತೋರಿಸ್ರಿ,” ಎಂದ.

ಜೇಬಿನಲ್ಲಿ ಬೆಂಕಿಪೊಟ್ಟಣವಿತ್ತು. ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಊದುಬತ್ತಿ ಹಚ್ಚಿ ಕೈಮುಗಿಯುವವನು ನಾನು. ಇಪ್ಪತ್ತು ವರ್ಷವೂ ಅದು ಇದೇ ಬಾಗಿಲಿನಿಂದ ನನ್ನ ಜೊತೆ ಒಳಗೆ ಬಂದಿತ್ತು.

“ನನ್ ಕೈಲೆ ಆಗಂಗಿಲ್ಲ,” ಎಂದ ಎಲ್ಲಪ್ಪ, ಡಬ್ಬಿಯನ್ನು ಮೊಣಕೈಯಿಂದ ನನ್ನತ್ತ ತಳ್ಳುತ್ತ. “ನೀವಾ ತಗದು ಹಾಕ್ರಿ.”